ವಿಂಡೋ ಎಳೆದರೆ ಅಚ್ಚು ಹಿಂದೆ ಉಳಿಯುತ್ತದೆ, ಸ್ಕ್ರೀನ್ ಕಪ್ಪಾಗುತ್ತದೆ: ಕಾರ್ಡ್ ಹೋಯ್ತಾ, ಡ್ರೈವರ್ ಹಳೇದಾ?

ಪ್ರಶ್ನೆ:
ನಮಸ್ಕಾರ. ವಿಂಡೋಸ್ 10 ಡೆಸ್ಕ್‌ಟಾಪ್, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದೆ. ಈಚೆಗೆ ಯಾವ ವಿಂಡೋ ಎಳೆದರೂ ಅದರ ಅಚ್ಚು ಹಿಂದೆಯೇ ಉಳಿಯುತ್ತದೆ. ಟಾಸ್ಕ್‌ಬಾರ್‌ನಲ್ಲಿ ಐಕಾನ್ ಇರಬೇಕಾದ ಕಡೆ ಕಪ್ಪು ಚೌಕಗಳು. ವಿಡಿಯೋ ನೋಡುವಾಗ ಸ್ಕ್ರೀನ್ ಕಪ್ಪಾಗಿ ವಾಪಸ್ ಬರುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಅಪ್‌ಡೇಟ್ ಒತ್ತಿದರೆ ಸರಿಯಾದ ಡ್ರೈವರೇ (ಕಾರ್ಡ್ ನಡೆಸುವ ಸಾಫ್ಟ್‌ವೇರ್) ಇದೆ ಅನ್ನುತ್ತದೆ. ಹೊಸ ಕಾರ್ಡ್ ತಗೋಬೇಕಾ?

ಉತ್ತರ:
ದಯವಿಟ್ಟು ಈಗಲೇ ದುಡ್ಡು ಹಾಕಬೇಡಿ. ಮೊದಲು ತೊಂದರೆ ಎಲ್ಲಿದೆ ಅಂತ ಗೊತ್ತಾಗಲಿ.

ಆ ಚೌಕಗಳು ಕಾಣುತ್ತಿರುವಾಗಲೇ ಸ್ಕ್ರೀನ್‌ಶಾಟ್ ತೆಗೆದು ಮೊಬೈಲ್‌ನಲ್ಲಿ ನೋಡಿ. ಚಿತ್ರ ಶುದ್ಧವಾಗಿದ್ದರೆ ಕೇಬಲ್, ಮಾನಿಟರ್ ಕಡೆ ಅನುಮಾನ ಪಡಿ. ಚಿತ್ರದಲ್ಲೂ ಚೌಕಗಳಿದ್ದರೆ ಕಂಪ್ಯೂಟರ್ ಒಳಗೇ ಏನೋ ಆಗುತ್ತಿದೆ. ಆಮೇಲೆ ರೀಸ್ಟಾರ್ಟ್ ಮಾಡಿ, ವಿಂಡೋಸ್ ಶುರುವಾಗುವ ಮೊದಲಿನ ಬಯೋಸ್ ಸ್ಕ್ರೀನ್ ಗಮನಿಸಿ. ವಿಂಡೋಸ್‌ನ ಡ್ರೈವರ್ ಆಗಿನ್ನೂ ಲೋಡ್ ಆಗಿರುವುದಿಲ್ಲ. ಅಲ್ಲೂ ಗೆರೆ, ಚುಕ್ಕೆ ಕಂಡರೆ ಡ್ರೈವರ್ ಮೇಲೆ ತಪ್ಪು ಹೊರಿಸುವಂತಿಲ್ಲ.

ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್ಸ್ ತೆರೆದು, ಕಾರ್ಡಿನ ಪ್ರಾಪರ್ಟೀಸ್‌ನಲ್ಲಿ ಡ್ರೈವರ್ ಡೇಟ್ ಏನಿದೆ ತಿಳಿಸಿ.

ಪ್ರಶ್ನೆ ಕೇಳಿದವರು:
ಸ್ಕ್ರೀನ್‌ಶಾಟ್‌ನಲ್ಲೂ ಚೌಕಗಳಿವೆ. ಬಯೋಸ್ ಚೆನ್ನಾಗೇ ಕಾಣುತ್ತದೆ. ಡ್ರೈವರ್ 2019ರದ್ದು! ವಿಂಡೋಸ್ ತನ್ನ ತೊಂದರೆಗಳನ್ನು ಬರೆದಿಡುವ ಈವೆಂಟ್ ವ್ಯೂವರ್‌ನಲ್ಲಿ ಡಿಸ್‌ಪ್ಲೇ ಹೆಸರಲ್ಲಿ 4101 ಅಂತ ಎಚ್ಚರಿಕೆಗಳೂ ಇವೆ.

ಉತ್ತರ:
ಹಾಗಾದರೆ ಡ್ರೈವರ್ ಮೇಲೇ ಜಾಸ್ತಿ ಅನುಮಾನ. ಕಾರ್ಡ್ 2 ಸೆಕೆಂಡ್ ಒಳಗೆ ಉತ್ತರ ಕೊಡದಿದ್ದರೆ ವಿಂಡೋಸ್ ಡ್ರೈವರನ್ನು ನಿಲ್ಲಿಸಿ ಮತ್ತೆ ಶುರು ಮಾಡುತ್ತದೆ. ನಿಮ್ಮ ಸ್ಕ್ರೀನ್ ಕಪ್ಪಾಗುವುದು ಆಗಲೇ. 4101 ಅದರದೇ ದಾಖಲೆ. ಗೇಮ್ ಆಡದಿದ್ದರೆ ಡ್ರೈವರ್ ಹಳೇದಾದರೇನು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಆದರೆ ಡೆಸ್ಕ್‌ಟಾಪ್‌ನ ಪ್ರತಿ ವಿಂಡೋವನ್ನೂ, ಬ್ರೌಸರ್‌ನ ಪುಟವನ್ನೂ ಈಗ ಕಾರ್ಡೇ ಬಿಡಿಸುವುದು. ವಿಂಡೋಸ್, ಬ್ರೌಸರ್ ಎರಡೂ ಮುಂದೆ ಹೋಗಿವೆ, ಡ್ರೈವರ್ ಮಾತ್ರ ಅಲ್ಲೇ ನಿಂತಿದೆ.

ಅಪ್‌ಡೇಟ್ ಬಟನ್ ನಂಬಿ ಕೂರಬೇಡಿ. ಕಾರ್ಡ್ ತಯಾರಕರ ಸೈಟ್‌ನಲ್ಲಿ ಅದಕ್ಕಿಂತ ಹೊಸದು ಇರುವುದು ಮಾಮೂಲು. ನಿಮ್ಮ ಮಾಡೆಲ್ ನಂಬರ್ ಕೊಟ್ಟು ಅಲ್ಲಿಂದಲೇ ಇಳಿಸಿಕೊಳ್ಳಿ. ಡ್ರೈವರ್ ಅಪ್‌ಡೇಟ್ ಮಾಡಿಕೊಡುತ್ತೇವೆ ಅನ್ನುವ ಬೇರೆ ಸಾಫ್ಟ್‌ವೇರ್‌ಗಳ ಸಹವಾಸ ಬೇಡವೇ ಬೇಡ. ಕಾರ್ಡ್ ತೀರಾ ಹಳೆಯದಾದರೆ ಅದಕ್ಕೆ ಬಂದ ಕೊನೆಯ ಡ್ರೈವರ್ ಹುಡುಕಬೇಕು. ಉದಾಹರಣೆಗೆ, ಎನ್ವಿಡಿಯಾದ ಕೆಪ್ಲರ್ ಎಂಬ ಹಳೆಯ ತಲೆಮಾರಿನ ಕಾರ್ಡ್‌ಗಳಿಗೆ 2021ರ ನಂತರ 2024ರವರೆಗೆ ಭದ್ರತಾ ಅಪ್‌ಡೇಟ್ ಮಾತ್ರ ಇತ್ತು.

ಇಷ್ಟು ಹಳೆಯದರ ಮೇಲೆ ಸುಮ್ನೆ ಹೊಸದನ್ನು ಹೇರುವುದು ನನಗೆ ಇಷ್ಟವಿಲ್ಲ. ಫೈಲ್ ಇಳಿಸಿಕೊಂಡ ಮೇಲೆ ಇಂಟರ್‌ನೆಟ್ ಕೇಬಲ್ ಕಿತ್ತಿಡಿ, ಇಲ್ಲದಿದ್ದರೆ ನಡುವೆ ವಿಂಡೋಸ್ ತನ್ನ ಡ್ರೈವರ್ ಹಾಕಿಬಿಡಬಹುದು. ಸೇಫ್ ಮೋಡ್‌ಗೆ (ತೀರಾ ಬೇಕಾದ್ದಷ್ಟೇ ಲೋಡ್ ಆಗುವ ವಿಂಡೋಸ್) ಹೋಗಿ, ಡಿಡಿಯು (ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್) ಎಂಬ ಟೂಲ್‌ನಿಂದ ಹಳೆಯದನ್ನು ಪೂರ್ತಿ ತೆಗೆಯಿರಿ. ರೀಸ್ಟಾರ್ಟ್ ಆದಾಗ ಅಕ್ಷರಗಳು ದಪ್ಪದಪ್ಪ ಕಾಣಬಹುದು. ಗಾಬರಿ ಬೇಡ, ವಿಂಡೋಸ್‌ನ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಓಡುತ್ತಿರುತ್ತದೆ ಅಷ್ಟೇ. ಈಗ ಹೊಸದನ್ನು ಇನ್‌ಸ್ಟಾಲ್ ಮಾಡಿ. ಮಧ್ಯೆ ಸ್ಕ್ರೀನ್ ಕಪ್ಪಾದರೂ ಪವರ್ ಆಫ್ ಮಾಡಬೇಡಿ.

ಇನ್ನೊಬ್ಬರು:
ಲ್ಯಾಪ್‌ಟಾಪ್‌ನವರಿಗೆ ಒಂದು ಮಾತು. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್ ಒಳಗೊಂದು, ಹೊರಗೊಂದು ಅಂತ ಎರಡು ಗ್ರಾಫಿಕ್ಸ್ ಇರುತ್ತವೆ. ಡೆಸ್ಕ್‌ಟಾಪ್ ತೋರಿಸುವುದು ಸಾಮಾನ್ಯವಾಗಿ ಒಳಗಿನದು. ಅದರ ಡ್ರೈವರನ್ನೂ ನೋಡಿ.

ಪ್ರಶ್ನೆ ಕೇಳಿದವರು:
ಚೌಕಗಳೂ ಹೋದವು, ಅಚ್ಚೂ ಹೋಯಿತು. ತುಂಬಾ ಥ್ಯಾಂಕ್ಸ್! ಆದರೆ ಬ್ರೌಸರ್‌ನಲ್ಲಿ ವಿಡಿಯೋ ಹಾಕಿದಾಗ ಅಪರೂಪಕ್ಕೆ ಇನ್ನೂ ಕಪ್ಪಾಗುತ್ತದೆ.

ಉತ್ತರ:
ಬ್ರೌಸರ್ ಸೆಟ್ಟಿಂಗ್ಸ್‌ನಲ್ಲಿ ಹಾರ್ಡ್‌ವೇರ್ ಆಕ್ಸಿಲರೇಶನ್ (ಚಿತ್ರ, ವಿಡಿಯೋ ಕೆಲಸವನ್ನು ಕಾರ್ಡಿಗೆ ಒಪ್ಪಿಸುವುದು) ಆಫ್ ಮಾಡಿ, ಬ್ರೌಸರ್ ಮುಚ್ಚಿ ತೆರೆದು ನೋಡಿ. ನಿಂತರೆ ಬ್ರೌಸರ್ ಅಪ್‌ಡೇಟ್ ಮಾಡಿ ಮತ್ತೆ ಆನ್ ಮಾಡಿ. ಅದನ್ನು ಕಾಯಂ ಆಗಿ ಆಫ್ ಇಟ್ಟರೆ ವಿಡಿಯೋ ಭಾರವೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ. ಆಫ್ ಇದ್ದಾಗಲೂ 4101 ಬಂದರೆ ಕಾರ್ಡಿನ ಬಿಸಿ, ಫ್ಯಾನ್ ಧೂಳು, ಪವರ್ ಕೇಬಲ್ ಸರಿಯಾಗಿ ಕೂತಿದೆಯಾ ಅಂತ ನೋಡಿ ಇಲ್ಲೇ ಹೇಳಿ.