ಸಣ್ಣ ತಗಡಿನ ಡಬ್ಬಿಗಳಿಗೆ ಹೊಸ ರೂಪ: ಅನುಭವವಿದ್ದವರು ತಿಳಿಸಿ

ಕೇಳಿದವರು, ಶಿವಮೊಗ್ಗ

ಪೆಪ್ಪರ್‌ಮಿಂಟು, ಕ್ರೀಮು, ಮುಲಾಮು, ಬೂಟ್ ಪಾಲಿಶ್ ಮುಗಿದ ಡಬ್ಬಿಗಳು ನಮ್ಮ ಮನೆಯಲ್ಲಿ ಒಂದು ಚೀಲದಷ್ಟು ಕೂಡಿವೆ. ದಸರೆಯಲ್ಲಿ ಗೊಂಬೆ ನೋಡಲು ಬರುವ ಹೆಣ್ಣುಮಕ್ಕಳಿಗೆ ತಾಂಬೂಲದ ಜೊತೆ ಪ್ಲಾಸ್ಟಿಕ್ ಸಾಮಾನು ಕೊಡುವ ಬದಲು, ಇವನ್ನೇ ಅಲಂಕರಿಸಿ ಸೂಜಿ-ದಾರ, ಪಿನ್ನು, ಓಲೆ ಇಟ್ಟುಕೊಳ್ಳುವ ಪೆಟ್ಟಿಗೆಗಳಾಗಿ ಕೊಡಬೇಕೆಂದಿದ್ದೇನೆ. ಬಣ್ಣ ಏಳದಂತೆ, ತುಕ್ಕು ಹಿಡಿಯದಂತೆ, ಮುಚ್ಚಳ ಸಲೀಸಾಗಿ ತೆರೆಯುವಂತೆ ಮಾಡುವುದು ಹೇಗೆ?

ಮೈಸೂರಿನಿಂದ

ಅಲಂಕಾರದ ಯೋಚನೆಗೆ ಮೊದಲು ಒಂದು ಆಯಸ್ಕಾಂತ ಹಿಡಿದು ಡಬ್ಬಿಗಳನ್ನು ಎರಡು ಗುಂಪು ಮಾಡಿಕೊಳ್ಳಿ. ಆಯಸ್ಕಾಂತ ಕಚ್ಚಿಕೊಂಡರೆ ಅದು ಸಾಮಾನ್ಯವಾಗಿ ತವರದ ಲೇಪವಿರುವ ಉಕ್ಕಿನ ತಗಡು, ಕಚ್ಚದಿದ್ದರೆ ಬಹುಮಟ್ಟಿಗೆ ಅಲ್ಯೂಮಿನಿಯಂ. ಅಲ್ಯೂಮಿನಿಯಂಗೆ ತುಕ್ಕಿನ ಭಯವಿಲ್ಲ, ಆದರೆ ಬಣ್ಣ ಅದರ ಮೇಲೆ ಸುಲಭವಾಗಿ ನಿಲ್ಲುವುದಿಲ್ಲ ಮತ್ತು ತುಸು ಒತ್ತಿದರೂ ನಗ್ಗುತ್ತದೆ. ಉಕ್ಕಿನ ತಗಡಿನ ಮೇಲಿನ ತವರದ ಪದರವಾದರೋ ತೀರ ತೆಳುವಾದದ್ದು, ಸಣ್ಣ ಗೀರು ಬಿದ್ದರೂ ಕೆಳಗಿನ ಲೋಹ ಬಯಲಾಗುತ್ತದೆ. ಸತುವಿನ ಲೇಪವಿರುವ ಬಕೆಟ್ಟಿನಲ್ಲಿ ಗೀರು ಬಿದ್ದ ಕಡೆ ಸತುವು ತಾನು ಸವೆದು ಉಕ್ಕನ್ನು ಕಾಪಾಡುತ್ತದೆ. ತವರ ಹಾಗೆ ಕಾಪಾಡುವುದಿಲ್ಲ, ಗೀರಿದ ಜಾಗದಲ್ಲಿ ತುಕ್ಕು ಇನ್ನಷ್ಟು ಬೇಗ ಹಬ್ಬುತ್ತದೆ. ಆದ್ದರಿಂದಲೇ ಹಳೆಯ ಅಚ್ಚನ್ನೆಲ್ಲ ಕೆರೆದು ಲೋಹ ಫಳಫಳ ಹೊಳೆಯುವಂತೆ ಮಾಡಬೇಕೆಂಬ ಹಠ ಬೇಡ. ಕಾರ್ಖಾನೆಯಲ್ಲಿ ಹಾಕಿದ ಆ ಮೆರುಗು ಡಬ್ಬಿಗೆ ಒಳ್ಳೆಯ ಕವಚ.

ಡಬ್ಬಿಯನ್ನು ಬಿಸಿನೀರು, ಪಾತ್ರೆ ತೊಳೆಯುವ ಸೋಪಿನಿಂದ ಜಿಡ್ಡು ಹೋಗುವಂತೆ ತೊಳೆದು, ಬಿಸಿಲಿನಲ್ಲಿ ಕೀಲಿನ ಸಂದಿಯ ನೀರೂ ಆರುವ ತನಕ ಬಾಯಿ ತೆರೆದಿಡಿ. ಚೀಟಿಯ ಅಂಟು ಉಳಿದಿದ್ದರೆ ಕೊಬ್ಬರಿ ಎಣ್ಣೆಯಲ್ಲಿ ಅಡುಗೆ ಸೋಡ ಕಲಸಿ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಉಜ್ಜಿದರೆ ಬಿಟ್ಟುಕೊಳ್ಳುತ್ತದೆ. ಆಮೇಲೆ ಆ ಎಣ್ಣೆಯನ್ನೂ ಸೋಪಿನಿಂದ ತೆಗೆಯಬೇಕು. ಬಳಿಕ 400ನೇ ನಂಬರಿನ ಎಮರಿ ಕಾಗದದಿಂದ ಹೊಳಪು ಮಂಕಾಗುವಷ್ಟು ಮಾತ್ರ ಹಗುರವಾಗಿ ಉಜ್ಜಿ, ಧೂಳು ಒರೆಸಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಮೆಟಲ್ ಪ್ರೈಮರನ್ನು (ಬಣ್ಣ ಹಿಡಿದು ನಿಲ್ಲಲೆಂದು ಮೊದಲು ಬಳಿಯುವ ತಳಲೇಪ) ತೆಳುವಾಗಿ ಒಂದು ಕೈ ಬಳಿಯಿರಿ. ರೆಡ್ ಆಕ್ಸೈಡ್ ಉಕ್ಕಿಗೆ ಸಾಕು, ಅಲ್ಯೂಮಿನಿಯಂಗೆ ಬೇರೆ ಪ್ರೈಮರ್ ಬೇಕೆಂದು ಅಂಗಡಿಯವರಿಗೆ ಹೇಳಿ. ಅದು ಪೂರ್ತಿ ಒಣಗಿದ ಮೇಲೆ ಎನಾಮಲ್ಲೋ ಅಕ್ರಿಲಿಕ್ಕೋ ನಿಮ್ಮ ಇಷ್ಟ. ಪ್ರೈಮರ್ ಇಲ್ಲದೆ ಹಚ್ಚಿದ ಅಕ್ರಿಲಿಕ್, ಉಗುರು ತಾಗಿದರೆ ಸಿಪ್ಪೆಯಂತೆ ಏಳುತ್ತದೆ.

ಮುಚ್ಚಳ ಬಿಗಿಯಾಗುವುದಕ್ಕೆ ಕಾರಣ ಬಣ್ಣದ ದಪ್ಪ. ಮುಚ್ಚಳ ಕೂರುವ ಅಂಚಿನ ಸುತ್ತ, ಅಂದರೆ ಡಬ್ಬಿಯ ಕಂಠದ ಹೊರಭಾಗ ಮತ್ತು ಮುಚ್ಚಳದ ಒಳಬದಿಯಲ್ಲಿ, ಮಾಸ್ಕಿಂಗ್ ಟೇಪ್ ಅಂಟಿಸಿ ಆ ಪಟ್ಟಿಗೆ ಬಣ್ಣವನ್ನಾಗಲಿ ಕಾಗದವನ್ನಾಗಲಿ ಸೋಕಿಸಬೇಡಿ. ಎಲ್ಲಿಯವರೆಗೆ ಟೇಪ್ ಬೇಕೆಂದು ತಿಳಿಯಲು, ಮುಚ್ಚಳ ಹಾಕಿ ಅದರ ಅಂಚಿನ ಗುಂಟ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡರಾಯಿತು. ಕೀಲಿರುವ ಪೆಪ್ಪರ್‌ಮಿಂಟ್ ಡಬ್ಬಿಗಳಲ್ಲಿ ಕೀಲಿನ ಸಂದಿಗೂ ಬಣ್ಣ ಹೋಗಬಾರದು.

ಹುಬ್ಬಳ್ಳಿಯಿಂದ, ಹೊಲಿಗೆ ಕೆಲಸದವರು

ಬಣ್ಣದ ಗೊಡವೆಯೇ ಬೇಡವೆನ್ನುವವರಿಗೆ ಬಟ್ಟೆ ಒಳ್ಳೆಯದು. ಗುಳೇದಗುಡ್ಡದ ಖಣದಲ್ಲಿ ಕುಪ್ಪಸ ಹೊಲಿದ ಮೇಲೆ ಉಳಿಯುವ ಚೂರುಗಳು ನಮ್ಮಲ್ಲಿ ಯಾವಾಗಲೂ ಇರುತ್ತವೆ. ಅದರ ಒಡಲಿನ ಬುಟ್ಟಿಗಳು, ಅಂದರೆ ನೇಯ್ದ ಚಿತ್ತಾರಗಳು, ಸಣ್ಣವಾದ್ದರಿಂದ ಅಂಗೈ ಅಗಲದ ಮುಚ್ಚಳದ ಮೇಲೂ ಪೂರ್ತಿ ಕಾಣುತ್ತವೆ, ದೊಡ್ಡ ಹೂವಿನ ಬಟ್ಟೆ ಅಷ್ಟು ಚೆನ್ನಾಗಿ ಕಾಣುವುದಿಲ್ಲ. ಮುಚ್ಚಳಕ್ಕಿಂತ ಸುತ್ತಲೂ ಅರ್ಧ ಇಂಚು ಹೆಚ್ಚಿಗೆ ಕತ್ತರಿಸಿ, ನಡುವೆ ತೆಳುವಾದ ಸ್ಪಂಜು ಅಥವಾ ಹಳೆಯ ಕಂಬಳಿಯ ತುಂಡು ಇಟ್ಟು, ದುಂಡನೆಯ ರಟ್ಟಿನ ಮೇಲೆ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಂಬದಿಯಲ್ಲಿ ನೆರಿಗೆ ಹಿಡಿದು ಹೊಲಿಯಿರಿ, ಆಮೇಲೆ ಆ ರಟ್ಟನ್ನು ಮುಚ್ಚಳಕ್ಕೆ ಅಂಟಿಸಿರಿ. ಹೀಗೆ ಮಾಡಿದರೆ ಬಟ್ಟೆ ಮುಚ್ಚಳದ ಬದಿಗೆ ಇಳಿಯುವುದಿಲ್ಲ, ತೆರೆಯಲು ತೊಂದರೆ ಕೊಡುವುದಿಲ್ಲ. ಕಸೂತಿ ಬಲ್ಲವರು ಒಂದು ಗೋಪುರವನ್ನೋ ತುಳಸಿಕಟ್ಟೆಯನ್ನೋ ಹಾಕಿಕೊಟ್ಟರೆ ಅದರ ಅಂದವೇ ಬೇರೆ, ಆದರೆ ಬಾಗಿನದ ಲೆಕ್ಕದಲ್ಲಿ ಮಾಡುವಾಗ ಅಷ್ಟು ಹೊತ್ತು ಯಾರಿಗಿದೆ!

ಅಂಟಿನ ವಿಷಯದಲ್ಲಿ ಎಚ್ಚರ ಬೇಕು. ಬಿಳಿ ಫೆವಿಕಾಲ್ ಕಾಗದ, ಮರಗಳಿಗೆ ಸರಿ. ಅದರಲ್ಲಿ ನೀರಿರುವುದರಿಂದ ಬರಿ ಉಕ್ಕಿನ ಮೇಲೆ ಹಚ್ಚಿದರೆ ಅಡಿಯಲ್ಲಿ ತುಕ್ಕು ಮೂಡಿ ಬಟ್ಟೆಗೆ ಕಲೆ ಬರುತ್ತದೆ. ಚಪ್ಪಲಿ ಅಂಟಿಸಲು ಬಳಸುವ ಹಳದಿ ಅಂಟನ್ನು ರಟ್ಟಿಗೂ ತಗಡಿಗೂ ತೆಳುವಾಗಿ ಸವರಿ, ಬೆರಳಿಗೆ ಹತ್ತದಷ್ಟು ಆರಿದ ಮೇಲೆ ಒತ್ತಬೇಕು. ಒಮ್ಮೆ ಕೂತರೆ ಸರಿಸಲಾಗದು, ಆದ್ದರಿಂದ ಮೊದಲೇ ಜಾಗ ನೋಡಿಕೊಳ್ಳಿ. ಅದರ ವಾಸನೆ ತಲೆಗೇರುವಂಥದ್ದು, ಕಿಟಕಿ ತೆರೆದೇ ಕೆಲಸ ಮಾಡಿ.

ಒಳಗೆ ಸೂಜಿ ಇಡುವುದಾದರೆ ಫ್ರಿಜ್ ಮೇಲೆ ಅಂಟಿಸಲು ಜಾಹೀರಾತಿನವರು ಕೊಡುವ ಮೆದು ಆಯಸ್ಕಾಂತದ ಹಾಳೆಯನ್ನು ಅಳತೆಗೆ ಕತ್ತರಿಸಿ ತಳಕ್ಕೆ ಹಾಕಿ. ಡಬ್ಬಿ ಮಗುಚಿದರೂ ಸೂಜಿ ಚೆಲ್ಲುವುದಿಲ್ಲ.

ಮಂಗಳೂರಿನಿಂದ

ಮೇಲಿನವರು ಹೇಳಿದ್ದು ಸರಿಯೇ, ಆದರೆ ಕರಾವಳಿಯ ಮಳೆಗಾಲದಲ್ಲಿ ಡಬ್ಬಿ ಹೊರಗಿಂತ ಒಳಗಿನಿಂದಲೇ ಕೆಡುತ್ತದೆ. ಬಣ್ಣ ಸೋಕಿಸಬಾರದೆಂದ ಆ ಕಂಠದ ಪಟ್ಟಿಗೆ ಮೇಣದ ಬತ್ತಿಯನ್ನು ಒಮ್ಮೆ ತಿಕ್ಕಿ ಬಟ್ಟೆಯಿಂದ ಒರೆಸಿಬಿಡಿ. ತೇವ ತಡೆಯುತ್ತದೆ, ಮುಚ್ಚಳವೂ ನಯವಾಗಿ ಜಾರುತ್ತದೆ. ಹೊಸ ಚಪ್ಪಲಿ, ಚೀಲಗಳ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣವೊಂದನ್ನು ಸೂಜಿಯ ಡಬ್ಬಿಯಲ್ಲಿ ಇಡುವುದು ನಮ್ಮ ರೂಢಿ. ಪುಟ್ಟ ಮಕ್ಕಳಿರುವ ಮನೆಗೆ ಹೋಗುವ ಡಬ್ಬಿಯಲ್ಲಿ ಮಾತ್ರ ಅದೂ ಬೇಡ, ಗುಂಡಿಯಂಥ ಬಲವಾದ ಪುಟ್ಟ ಆಯಸ್ಕಾಂತವಂತೂ ಬೇಡವೇ ಬೇಡ. ಅಂಥ ಎರಡನ್ನು ಮಗು ನುಂಗಿದರೆ ಕರುಳಿನ ಪದರಗಳು ಅವುಗಳ ನಡುವೆ ಸಿಕ್ಕಿ ತೂತು ಬೀಳುವ ಅಪಾಯವಿದೆ.

ಬೆಂಗಳೂರಿನಿಂದ

ಯಾವ ಡಬ್ಬಿ ಬೇಡವೆಂಬುದನ್ನೂ ಯಾರಾದರೂ ಹೇಳಬೇಕು. ಕೀಟನಾಶಕ, ಥಿನ್ನರ್ ಇದ್ದ ಡಬ್ಬಿಗಳನ್ನು ಎಷ್ಟು ತೊಳೆದರೂ ಮನೆಬಳಕೆಗೆ ತರಬೇಡಿ. ಒತ್ತಿದರೆ ಸಿಂಪಡಿಸುವ ಡಿಯೋಡರೆಂಟ್ ಡಬ್ಬಿಯನ್ನು ಕತ್ತರಿಸುವುದಾಗಲಿ ಚುಚ್ಚುವುದಾಗಲಿ ಕೂಡದು. ಬಣ್ಣ ಬಳಿದ ಡಬ್ಬಿಯಲ್ಲಿ ಏಲಕ್ಕಿ, ಅಡಿಕೆ ಹಾಕಿ ಕೊಡುವ ಆಸೆಯೂ ಬೇಡ.

ಮತ್ತೆ ಶಿವಮೊಗ್ಗದಿಂದ

ಎಲ್ಲರಿಗೂ ಧನ್ಯವಾದಗಳು. ಬೂಟ್ ಪಾಲಿಶ್ ಡಬ್ಬಿಗಳ ವಾಸನೆಗೆ ಏನು ಮಾಡುವುದು? ಬದಿಯಲ್ಲಿ ತಿರುಗಿಸುವ ಕಿವಿಯಿರುವುದರಿಂದ ಮಕ್ಕಳಿಗೂ ತೆರೆಯಲು ಸುಲಭ, ಬಿಡಲು ಮನಸ್ಸಿಲ್ಲ.

ಮೈಸೂರಿನಿಂದ

ಉಳಿದ ಮೇಣವನ್ನು ಹಳೆಯ ಚಮಚದಿಂದ ಕೆರೆದು ತೆಗೆದು, ಒಲೆಯಿಂದ ದೂರದಲ್ಲಿ, ಸೀಮೆಎಣ್ಣೆ ಅಥವಾ ಟರ್ಪೆಂಟೈನ್ ಅದ್ದಿದ ಬಟ್ಟೆಯಿಂದ ಒರೆಸಿ, ಬಳಿಕ ಸೋಪಿನ ಬಿಸಿನೀರಿನಲ್ಲಿ ತೊಳೆಯಿರಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯದೆ ಹೊರಗೆ ಹರಡಿ ಆರಿಸಿ. ಡಬ್ಬಿ ಒಣಗಿದ ಮೇಲೆ ಅಡುಗೆ ಸೋಡ ತುಂಬಿ ಮುಚ್ಚಿಟ್ಟರೆ ವಾಸನೆ ಬಹುಮಟ್ಟಿಗೆ ಇಳಿಯುತ್ತದೆ, ಪೂರ್ತಿ ಹೋಗದ ಡಬ್ಬಿಗಳೂ ಇರುತ್ತವೆ. ಅಂಥವನ್ನು ಬಾಗಿನಕ್ಕೆ ಸೇರಿಸದೆ ಮನೆಯಲ್ಲೇ ಮೊಳೆ, ಸ್ಕ್ರೂ ಇಡಲು ಇಟ್ಟುಕೊಳ್ಳಿ. ಒಳಗೇನಿದೆಯೆಂದು ಬರೆಯುವ ಬದಲು ಮುಚ್ಚಳದ ಮೇಲೆ ಅದೇ ಅಳತೆಯ ಒಂದು ಸ್ಕ್ರೂ ಅಂಟಿಸಿದರೆ ಹುಡುಕುವ ಕೆಲಸ ತಪ್ಪುತ್ತದೆ.