1861ರ ಪೊಲೀಸ್ ಕಾಯಿದೆ: ಸೂಪರಿಂಟೆಂಡೆಂಟರು ಯಾರ ಅಧೀನದಲ್ಲಿದ್ದರು?

ಪ್ರಶ್ನೆ:
ಬ್ರಿಟಿಷ್ ಭಾರತದ ಪೊಲೀಸ್ ವ್ಯವಸ್ಥೆಯ ಬಗ್ಗೆ ಓದುವಾಗ ಒಂದು ತೊಡಕು ಎದುರಾಗಿದೆ. ಪೊಲೀಸ್ ಕೆಲಸವನ್ನು ಕಂದಾಯ ಅಧಿಕಾರಿಗಳ ಕೈಯಿಂದ ಬಿಡಿಸುವುದೇ ಸುಧಾರಣೆಯ ಉದ್ದೇಶವಾಗಿದ್ದರೆ, ಜಿಲ್ಲೆಯ ಪೊಲೀಸ್ ಸೂಪರಿಂಟೆಂಡೆಂಟರನ್ನು ಮತ್ತೆ ಕಲೆಕ್ಟರರ ಹತೋಟಿಗೆ ಒಳಪಡಿಸಿದ್ದೇಕೆ? ಠಾಣೆಯ ಹೊಣೆ ಯಾರದಾಗಿತ್ತು ಎಂಬುದನ್ನೂ ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ 1:
ಇದರ ಮೂಲ ಮದ್ರಾಸ್ ಪ್ರಾಂತ್ಯದಲ್ಲಿದೆ. 1816ರ ನಿಬಂಧನೆಗಳ ಪ್ರಕಾರ ಅಲ್ಲಿ ಊರಿನ ಪಟೇಲ, ತಾಲ್ಲೂಕಿನ ತಹಶೀಲ್ದಾರ ಮತ್ತು ಜಿಲ್ಲೆಯ ಕಲೆಕ್ಟರರೇ ಪೊಲೀಸ್ ಅಧಿಕಾರವನ್ನೂ ನಡೆಸುತ್ತಿದ್ದರು. ಕಂದಾಯ ವಸೂಲಿಗೆ ಹೋಗುವ ಪೇದೆಯೇ ಕಳ್ಳತನದ ತನಿಖೆಗೂ ಹೋಗುತ್ತಿದ್ದುದರಿಂದ, ಬಾಕಿದಾರನನ್ನು ಬಗ್ಗಿಸಲು ಬಳಸಿದ ಹಿಂಸೆಯೇ ಆರೋಪಿಯ ಬಾಯಿ ಬಿಡಿಸಲೂ ಬಳಕೆಯಾಗುತ್ತಿತ್ತು. ಚಿತ್ರಹಿಂಸೆಯ ವಿಚಾರಣೆಗೆ ನೇಮಕವಾದ ಆಯೋಗವು 1855ರಲ್ಲಿ ಇದನ್ನು ಬಯಲಿಗೆ ತಂದಿತು. 1859ರಲ್ಲಿ ಇನ್‌ಸ್ಪೆಕ್ಟರ್ ಜನರಲ್ ಅಧೀನದ ಪ್ರತ್ಯೇಕ ದಳವೊಂದು ಅಲ್ಲಿ ಸ್ಥಾಪನೆಯಾಯಿತು. 1860ರ ಪೊಲೀಸ್ ಆಯೋಗ ಇಂಥ ದಳವನ್ನೇ ಇತರ ಪ್ರಾಂತ್ಯಗಳಿಗೂ ಶಿಫಾರಸು ಮಾಡಿತು. ಆದರೆ 1857ರ ದಂಗೆ ಕಣ್ಣೆದುರಿಗಿದ್ದ ಸರ್ಕಾರಕ್ಕೆ ಜಿಲ್ಲೆಯಲ್ಲಿ ಇಬ್ಬರು ಯಜಮಾನರು ಬೇಕಿರಲಿಲ್ಲವೆಂದು ನನಗೆ ತೋರುತ್ತದೆ. 1861ರ ಕಾಯಿದೆಯ 4ನೆಯ ಕಲಮು ಸೂಪರಿಂಟೆಂಡೆಂಟರನ್ನು ಜಿಲ್ಲಾ ಮ್ಯಾಜಿಸ್ಟ್ರೇಟರ ಸಾಮಾನ್ಯ ಹತೋಟಿಗೆ ಒಪ್ಪಿಸಿತು, ಮತ್ತು ಆ ಮ್ಯಾಜಿಸ್ಟ್ರೇಟರೇ ಕಲೆಕ್ಟರರೂ ಆಗಿದ್ದರು. ಹೀಗಾಗಿ ತಾಲ್ಲೂಕಿನ ಮಟ್ಟದಲ್ಲಿ ಕಡಿದ ಗಂಟನ್ನು ಜಿಲ್ಲೆಯ ಮಟ್ಟದಲ್ಲಿ ಮತ್ತೆ ಹಾಕಿದಂತಾಯಿತು.

ಉತ್ತರ 2:
ಮೇಲಿನ ವಿವರಣೆ ಸರಿಯಾಗಿದೆ; ಒಂದು ತಿದ್ದುಪಡಿ ಮಾತ್ರ ಅಗತ್ಯ. 1861ರ ಕಾಯಿದೆ ಮದ್ರಾಸಿಗೆ ಅನ್ವಯವಾಗಲಿಲ್ಲ. ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳೂ ಸೇರಿದಂತೆ ಅಲ್ಲಿ 1859ರ ಕಾಯಿದೆಯೇ ಮುಂದುವರಿಯಿತು. ನಮ್ಮ ಜಿಲ್ಲೆಗಳ ಚರಿತ್ರೆ ಬರೆಯುವವರು ಇವೆರಡನ್ನೂ ಬೆರೆಸಬಾರದು.

ಉತ್ತರ 3:
ಠಾಣೆಯ ಹೊಣೆ ಬಹುಕಾಲ ಹೆಡ್ ಕಾನ್‌ಸ್ಟೆಬಲ್‌ಗಳ ಕೈಯಲ್ಲೇ ಇರುತ್ತಿತ್ತು, ವಿಶೇಷವಾಗಿ ಮದ್ರಾಸಿನಲ್ಲಿ. ಅಲ್ಪ ಸಂಬಳ ಪಡೆಯುವ ಆ ಮನುಷ್ಯನೇ ದೂರು ಬರೆದುಕೊಳ್ಳಬೇಕಿತ್ತು, ತನಿಖೆಯನ್ನೂ ನಡೆಸಬೇಕಿತ್ತು. ಮೇಲಿನ ಹುದ್ದೆಗಳಿಗೆ ಮೊದಲು ಸೈನ್ಯಾಧಿಕಾರಿಗಳನ್ನು ಎರವಲು ಪಡೆಯಲಾಗುತ್ತಿತ್ತು. 1893ರಿಂದ ಲಂಡನ್ನಿನಲ್ಲಿ ಸ್ಪರ್ಧಾ ಪರೀಕ್ಷೆ ನಡೆಯತೊಡಗಿತಾದರೂ ಭಾರತೀಯರಿಗೆ ಅದರಲ್ಲಿ ಪ್ರವೇಶವಿರಲಿಲ್ಲ. 1902ರಲ್ಲಿ ನೇಮಕವಾದ ಫ್ರೇಸರ್ ಆಯೋಗವು ಪೊಲೀಸರನ್ನು ಜನರು ಭ್ರಷ್ಟರು, ಪೀಡಕರು ಎಂದೇ ಕಾಣುತ್ತಾರೆಂದು ಮುಚ್ಚುಮರೆಯಿಲ್ಲದೆ ಬರೆಯಿತು. ನೇರ ನೇಮಕಾತಿಯ ಸಬ್ ಇನ್‌ಸ್ಪೆಕ್ಟರನಿಗೆ ಠಾಣೆಯನ್ನು ವಹಿಸಬೇಕೆಂದೂ, ಭಾರತೀಯರಿಗಾಗಿ ಡೆಪ್ಯುಟಿ ಸೂಪರಿಂಟೆಂಡೆಂಟ್ ಹುದ್ದೆಯನ್ನು ಸೃಷ್ಟಿಸಬೇಕೆಂದೂ ಸಲಹೆ ನೀಡಿತು. ಇಂದಿನ ಠಾಣೆಯ ಸಬ್ ಇನ್‌ಸ್ಪೆಕ್ಟರ್ ಹುದ್ದೆಗೆ ಈ ಸಲಹೆಯೂ ಒಂದು ಮೂಲ.