ಕಿಡಿಯನ್ನು ‘ಮುಂದೂಡಿದರೆ’ ಬೇಗವೋ ತಡವೋ?

ಪೆಟ್ರೋಲ್ ಎಂಜಿನ್ನಿನ ಟೈಮಿಂಗ್ (ಇಂಧನವನ್ನು ಹೊತ್ತಿಸುವ ಕಿಡಿ ಯಾವಾಗ ಹಾರಬೇಕೆಂಬ ಹೊಂದಿಕೆ) ಕುರಿತು ಬರೆಯುವಾಗ ‘ಅಡ್ವಾನ್ಸ್ ಮಾಡು’ ಎಂಬುದಕ್ಕೆ ‘ಮುಂದೂಡು’ ಎಂದು ಬರೆದಿದ್ದೆ. ಮರುದಿನ ಓದಿದಾಗ ಅರ್ಥವೇ ತಿರುಗುಮುರುಗಾಗಿರುವುದು ಕಂಡಿತು. ಸಭೆಯನ್ನು ಮುಂದೂಡಿದರೆ ಅದು ತಡವಾಗಿ ನಡೆಯುತ್ತದೆ, ಆದರೆ ಕಿಡಿಯನ್ನು ಅಡ್ವಾನ್ಸ್ ಮಾಡಿದರೆ ಅದು ಬೇಗ ಹಾರುತ್ತದೆ.

ಈ ಪದ ತಪ್ಪಿದರೆ ಎಂಜಿನ್ನೇ ಕೆಡಬಹುದು. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಉರಿದು ಒತ್ತಡ ಏರಲು ಕೆಲವು ಮಿಲಿಸೆಕೆಂಡುಗಳು ಬೇಕು. ನಿಮಿಷಕ್ಕೆ 3000 ಸುತ್ತು ತಿರುಗುವ ಕ್ರ್ಯಾಂಕ್ (ಪಿಸ್ಟನ್ನಿನ ಏರಿಳಿತವನ್ನು ಸುತ್ತುವಿಕೆಯಾಗಿ ಬದಲಿಸುವ ದಂಡ) ಒಂದೇ ಮಿಲಿಸೆಕೆಂಡಿನಲ್ಲಿ 18 ಡಿಗ್ರಿ ಸಾಗಿರುತ್ತದೆ. ಆದ್ದರಿಂದ ಪಿಸ್ಟನ್ ಮೇಲ್ತುದಿ ಮುಟ್ಟುವ ಮೊದಲೇ ಕಿಡಿ ಹಾರಬೇಕು, ಮತ್ತು ಪಿಸ್ಟನ್ ಮೇಲ್ತುದಿ ದಾಟಿದ ಮೇಲೆ ಕ್ರ್ಯಾಂಕ್ ಸುಮಾರು 15 ಡಿಗ್ರಿಯ ಆಸುಪಾಸಿನಲ್ಲಿರುವಾಗ ಒತ್ತಡವು ತನ್ನ ಗರಿಷ್ಠ ಮಟ್ಟ ತಲುಪಿದರೆ ಟಾರ್ಕ್, ಅಂದರೆ ಕ್ರ್ಯಾಂಕನ್ನು ತಿರುಗಿಸುವ ಪರಿಣಾಮ, ಅತಿ ಹೆಚ್ಚು ಸಿಗುತ್ತದೆ. ಕಿಡಿ ಅತಿಯಾಗಿ ಬೇಗವಾದರೆ ಆ ಒತ್ತಡ ಮೇಲೇರುತ್ತಿರುವ ಪಿಸ್ಟನ್ನನ್ನೇ ತಡೆಯುತ್ತದೆ, ನಾಕಿಂಗ್ (ಮಿಶ್ರಣ ತಾನಾಗಿಯೇ ಸಿಡಿದು ಬಡಿಯುವುದು) ಹಿಡಿದು ಪಿಸ್ಟನ್ ತೂತಾಗುವುದೂ ಉಂಟು. ತಡವಾದರೆ ಎಳೆತ ಕುಗ್ಗಿ, ಶಾಖವೆಲ್ಲ ಸೈಲೆನ್ಸರಿನ ಪಾಲಾಗುತ್ತದೆ.

ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಬೈಕುಗಳಲ್ಲಿ ಕಿಡಿ ಹಾರುವ ಕ್ಷಣವನ್ನು ನಿರ್ಧರಿಸುವ ಪಾಯಿಂಟ್ ಪ್ಲೇಟನ್ನು ತುಸು ತಿರುಗಿಸಿ, ಪಿಸ್ಟನ್ ಮೇಲ್ತುದಿಗೆ ಇಷ್ಟು ಮಿಲಿಮೀಟರ್ ಇರುವಾಗ ಕಿಡಿ ಬರಬೇಕೆಂದು ಅಳೆದು ಹೊಂದಿಸುತ್ತಾರೆ. ಅಂಥ ಕೆಲಸದ ವಿವರಣೆಯಲ್ಲಿ ‘ಮುಂದೆ ಹಾಕಿ’ ಎಂದು ಬರೆದರೆ ಓದಿದವರು ಯಾವ ಕಡೆಗೆ ತಿರುಗಿಸಬೇಕು? ‘ಮುಂಗಡ’ ಎಂದರೆ ಹಣದ ನೆನಪಾಗುತ್ತದೆ. ‘ಟಾರ್ಕ್’ ಪದವನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ನ್ಯೂಟನ್-ಮೀಟರಿನಲ್ಲಿ ಅಳೆಯುವುದನ್ನು ಬರಿಯ ‘ಬಲ’ ಎಂದು ಕರೆಯಲು ಮನಸ್ಸು ಒಪ್ಪುವುದಿಲ್ಲ.

ನನಗೆ ದಾರಿ ತೋರಿಸಿದ್ದು ಮುಂಗಾರು ಮತ್ತು ಹಿಂಗಾರು. ಮುಂಗಾರು ಮೊದಲು ಬರುವ ಮಳೆ, ಹಿಂಗಾರು ಆಮೇಲಿನದು. ಅಲ್ಲಿ ‘ಮುನ್’ ಎಂಬುದು ನಿಸ್ಸಂದೇಹವಾಗಿ ‘ಮೊದಲು’ ಎಂಬ ಅರ್ಥವನ್ನೇ ಕೊಡುತ್ತದೆ. ಮಳೆಗಾಲ ಎಂಬರ್ಥದ ‘ಕಾರು’ ‘ಗಾರು’ ಆದಂತೆ ‘ಕಿಡಿ’ ‘ಗಿಡಿ’ಯಾಗಿ, ಬೇಗ ಹಾರುವುದಕ್ಕೆ ‘ಮುಂಗಿಡಿ’, ತಡವಾದದ್ದಕ್ಕೆ ‘ಹಿಂಗಿಡಿ’ ಎನ್ನಬಹುದೆಂದು ತೋರುತ್ತದೆ. ಕ್ರಿಯಾಪದಕ್ಕೆ ‘ಮುಂಗಿಡಿಸು’ ಎಂದರೆ ಕಿವಿಗೆ ಒರಟಾಗುವುದರಿಂದ, ‘ಕಿಡಿಯನ್ನು 2 ಡಿಗ್ರಿ ಬೇಗವಾಗಿಸಿ’ ಎಂದೇ ಬರೆಯುವುದು ಮೇಲೆಂಬುದು ನನ್ನ ಈಗಿನ ನಿಲುವು.

ಗ್ಯಾರೇಜುಗಳಲ್ಲಿ ಕೆಲಸ ಮಾಡಿದವರು, ಅಥವಾ ಅವರ ಮಾತನ್ನು ಹತ್ತಿರದಿಂದ ಕೇಳಿದವರು, ತಮ್ಮ ಊರಿನಲ್ಲಿ ಕಿಡಿಯನ್ನು ಬೇಗವಾಗಿಸುವುದು, ತಡವಾಗಿಸುವುದು ಈ ಎರಡಕ್ಕೂ ಇಂಗ್ಲಿಷಿನದಲ್ಲದ ಮಾತು ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಬೇಕು.